ಸಿಂಚನ ಕಟ್ಟಿದ ಮನೆ

ಈಗಿನ ಕಾಲದಲ್ಲಿ ಗುರು ಎಲ್ಲಿ, ಶಿಷ್ಯರು ಎಲ್ಲಿ ಎಂದು ಮೂಗು ಮುರಿಯುವವರಿದ್ದಾರೆ. ಅವರು ಕಾವೇರಿ ದಂಡೆಯ ಆ ಹಳೇ ಛತ್ರದ ಕಡೆ ತಲೆ ಹಾಕಿದವರಲ್ಲ.

ಛತ್ರದ ಪಡಸಾಲೆಯಲ್ಲಿ ದೇವರ ಪಟ ಒಂದು, ಕಂಪ್ಯೂಟರುಗಳು ಮೂವತ್ತು. ಎಲ್ಲವೂ ಯಾರೋ ಬೇಡವೆಂದು ಎಸೆದವು. ಅವನ್ನು ತಂದು, ಧೂಳು ಕೊಡವಿ, ವಿಂಡೋಸಿನ ಬದಲು ಬಿಟ್ಟಿ ಸಿಗುವ ಲಿನಕ್ಸ್ ಹಾಕಿ ಬದುಕಿಸಿದವರು ಗುರುಮಲ್ಲಪ್ಪ ಮೇಷ್ಟ್ರು. ಐಟಿಐಯಲ್ಲಿ ಪಾಠ ಹೇಳಿ ನಿವೃತ್ತರಾದವರು.

ಎಪ್ಪತ್ತು ದಾಟಿದ ಈ ಮನುಷ್ಯನಿಗೆ ಇದ್ದದ್ದು ಒಂದೇ ಹುಚ್ಚು. ವಿಂಡೋಸಿಗೆಂದು ಮಾಡಿದ ಆಟಗಳನ್ನು ಲಿನಕ್ಸಿನಲ್ಲಿ ಓಡಿಸುವುದು. ತಾವು ಮಾತ್ರ ಯಾವ ಆಟವನ್ನೂ ಐದು ನಿಮಿಷಕ್ಕಿಂತ ಹೆಚ್ಚು ಆಡಿದವರಲ್ಲ. ಓಡಿತೋ, ಮುಗಿಯಿತು. ಎದ್ದು ಟೀ ಕುಡಿಯಲು ಹೋಗುವರು.

ಪ್ರತಿ ಆಟದ ಹೆಸರೂ ಒಂದು ದಪ್ಪ ಪುಸ್ತಕಕ್ಕೆ ಹೋಗುತ್ತಿತ್ತು. ಅದರ ಮುಂದೆ ಒಂದು ಸಾಲು. ಓಡುತ್ತದೆ. ಓಡುವುದಿಲ್ಲ. ಓಡುತ್ತದೆ, ಆದರೆ ದನಿ ಬರುವುದಿಲ್ಲ. ಆಮೇಲೆ ಅದೇ ಸಾಲನ್ನು ಇಂಟರ್ನೆಟ್ಟಿನ ಪಟ್ಟಿಯೊಂದಕ್ಕೂ ಸೇರಿಸುವರು. ಲೋಕದ ಎಲ್ಲೆಲ್ಲೋ ಕೂತ ಇಂಥದೇ ಹುಚ್ಚರು ಬರೆದು ಬೆಳೆಸಿದ ಪಟ್ಟಿ ಅದು.

ಶಿವಲೀಲ ಅವರ ಶಿಷ್ಯೆ. ಕೊಳ್ಳೇಗಾಲದಲ್ಲಿ ಮೊಬೈಲ್ ರಿಪೇರಿ ಮಾಡಿಕೊಂಡಿದ್ದವಳು. ಒಂದು ಅನುಮಾನ ಕೇಳಿ ಹೋಗೋಣ ಎಂದು ಬಂದು ಮೂರು ವರ್ಷ ಉಳಿದಳು.

ಮೊದಲ ದಿನ ಅವಳು ಕೇಳಿದ್ದು ಇದು.

"ಗುರುಗಳೇ, ವಿಂಡೋಸ್ ಆಟ ಲಿನಕ್ಸಲ್ಲಿ ಹೇಗೆ ಓಡುತ್ತೆ?"

"ನಿನ್ನ ಕಣ್ಣು ಕಟ್ಟಿ ಗೊತ್ತಿಲ್ಲದ ಊರಿಗೆ ಕರ್ಕೊಂಡು ಹೋದ್ರು ಅನ್ಕೋ. ಕಣ್ಣು ಬಿಟ್ರೆ ನಿನ್ನ ಮನೆ ಥರದ್ದೇ ಒಂದು ಮನೆ. ಅದೇ ಜಾಗದಲ್ಲಿ ಒಲೆ, ಅದೇ ಜಾಗದಲ್ಲಿ ಉಪ್ಪಿನ ಡಬ್ಬಿ. ಏನ್ ಮಾಡ್ತೀಯ?"

"ಅಡುಗೆ ಮಾಡ್ತೀನಿ."

"ಆಟಾನೂ ಅಷ್ಟೇ. ನಡುವೆ ಒಬ್ಬ ದುಭಾಷಿ ಇದ್ದಾನೆ, ಅದೂ ಒಂದು ಪ್ರೋಗ್ರಾಮೇ. ಒಂದೊಂದು ಆಟಕ್ಕೂ ಒಂದೊಂದು ಮನೆ ಕಟ್ಟಿ ಕೂರಿಸ್ತಾನೆ. ಆಟ ಕೇಳಿದ್ದನ್ನ ಲಿನಕ್ಸಿಗೆ ಹೇಳ್ತಾನೆ, ಲಿನಕ್ಸ್ ಕೊಟ್ಟಿದ್ದನ್ನ ಆಟಕ್ಕೆ ಮುಟ್ಟಿಸ್ತಾನೆ."

ಅಂದಿನಿಂದ ಅವರಿಬ್ಬರ ಬಾಯಲ್ಲಿ ಆ ಪ್ರೋಗ್ರಾಮು ದುಭಾಷಿ, ಅದು ಆಟಕ್ಕಾಗಿ ಮಾಡಿಡುವ ಫೋಲ್ಡರು ಮನೆ.

ದುಭಾಷಿಯ ಹೊಸ ಆವೃತ್ತಿ ತಾನಾಗಿಯೇ ಇಳಿದು ಬಂದಾಗ ಹಳೇ ಮನೆಗಳು ಹೊಂದುವುದಿಲ್ಲ. ಆಟ ಮಿಣುಕಿ ನಿಂತುಬಿಡುತ್ತದೆ. ಅದಕ್ಕೆ ಮೇಷ್ಟ್ರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮದ್ದು ಬರೆದಿದ್ದರು: ಓಡದಿದ್ದರೆ ಮನೆ ಕೆಡವು, ಮತ್ತೆ ಕಟ್ಟು.

ಶಿವಲೀಲ ನೂರಾರು ಮನೆ ಕೆಡವಿದ್ದಳು. ಒಂದು ಗುಂಡಿ ಒತ್ತಿದರೆ ಹೋಯಿತು, ಇನ್ನೊಂದು ಒತ್ತಿದರೆ ಹೊಸದು ಬಂತು. ಆಡಿದವರು ಎಲ್ಲಿಯವರೆಗೆ ಆಡಿದ್ದರೋ ಆ ಗುರುತು ದೂರದ ಯಾವುದೋ ಕಂಪ್ಯೂಟರಿನಿಂದ ತಾನಾಗಿಯೇ ಇಳಿದು ಬಂದು ಕೂರುತ್ತಿತ್ತು.

ಕಾಲವೂ ಚೆನ್ನಾಗಿತ್ತು. ಒಂದು ಕಾಲಕ್ಕೆ ಲಿನಕ್ಸಿನಲ್ಲಿ ಇಸ್ಪೀಟು ಬಿಟ್ಟರೆ ಗತಿಯಿರಲಿಲ್ಲ. ಈಗ ಎರಡು ಕೈಯಲ್ಲಿ ಹಿಡಿದು ಆಡುವ ಪುಟ್ಟ ಕಂಪ್ಯೂಟರುಗಳೇ ಒಳಗೆ ಲಿನಕ್ಸ್ ಇಟ್ಟುಕೊಂಡು ಬರುತ್ತಿದ್ದವು. ಹ್ಯಾಂಡ್‌ಹೆಲ್ಡ್ ಎನ್ನುತ್ತಾರೆ. ಹತ್ತರಲ್ಲಿ ಎಂಟು ಆಟ ಓಡುತ್ತಿದ್ದವು. ಆಟದಲ್ಲಿ ಮೋಸ ಮಾಡುವವರನ್ನು ಹಿಡಿಯಲು ಬಾಗಿಲಲ್ಲಿ ಕಾವಲಿಟ್ಟುಕೊಂಡ ಕೆಲವು ಆಟಗಳು ಮಾತ್ರ ಲಿನಕ್ಸಿನವರನ್ನು ಒಳಗೆ ಬಿಡುತ್ತಿರಲಿಲ್ಲ.

"ಅವು ಯಾಕೆ ಬಿಡಲ್ಲ ಗುರುಗಳೇ?"

"ಬಾಗಿಲಲ್ಲಿ ನಿಂತಿರೋನಿಗೆ ನಮ್ಮ ಮುಖ ಪರಿಚಯ ಇಲ್ಲ."

"ಏನಾದ್ರೂ ದಾರಿ ಇದ್ದೇ ಇರುತ್ತೆ."

"ಇರುತ್ತೆ. ಸಿಗೋವರೆಗೆ 'ಓಡುವುದಿಲ್ಲ' ಅಂತ ಬರಿ."

ಶಿವಲೀಲಗೆ ಆ ಮಾತು ಹಿಡಿಸಲಿಲ್ಲ. ಓಡುವುದಿಲ್ಲ ಎಂದು ಬರೆಯುವಾಗಲೆಲ್ಲ ಅವಳಿಗೆ ಮುಖಕ್ಕೆ ಹೊಡೆದಂತಾಗುತ್ತಿತ್ತು.

ಒಂದು ಸೋಮವಾರ ಸಾಕಮ್ಮ ಬಂದರು.

ಐವತ್ತರ ಆಸುಪಾಸಿನ ಹೆಂಗಸು. ಹಾಸ್ಟೆಲೊಂದರಲ್ಲಿ ಅಡುಗೆ ಮಾಡುವವರು. ಕೈಯಲ್ಲಿ ಆಸ್ಪತ್ರೆಯ ಫೈಲಿನ ಪ್ಲಾಸ್ಟಿಕ್ ಚೀಲ. ಅದರೊಳಗೆ ಟವೆಲು, ಟವೆಲಿನೊಳಗೆ ಒಂದು ಹ್ಯಾಂಡ್‌ಹೆಲ್ಡ್.

"ಇದು ನಮ್ ಸಿಂಚನಂದು ಕಣವ್ವ. ನನ್ ಮಗಳು," ಎಂದರು.

"ಏನಾಗಿದೆಯಮ್ಮ?"

"ಅವ್ಳು ಹೋಗಿ ಐದು ತಿಂಗ್ಳಾಯ್ತು."

ಶಿವಲೀಲ ಕೇಳಿದ್ದು ಯಂತ್ರದ ವಿಚಾರ. ಅವಳು ತಲೆ ತಗ್ಗಿಸಿದಳು. ಸಾಕಮ್ಮ ತಾವೇ ಹೇಳುತ್ತ ಹೋದರು.

"ಕಿಡ್ನಿ. ಎರಡ್ ವರ್ಷ ಡಯಾಲಿಸಿಸ್ಸು. ಸೋಮಾರ ಒಂದ್ಸಲ, ಗುರುವಾರ ಒಂದ್ಸಲ. ನಾಕ್ ಗಂಟೆ ಮಲಗಿರ್ಬೇಕು, ಎಡಗೈ ಅಲ್ಲಾಡಿಸಂಗಿಲ್ಲ. ಎದೆ ಮೇಲೆ ದಿಂಬಿಟ್ಕಂಡು ಬಲಗೈಲಿ ಇದನ್ನ ಆಡ್ತಿದ್ಲು. ನಾನು ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತಿರ್ತಿದ್ದೆ."

"ಯಾವ ಆಟ?"

"ನಂಗೇನ್ ಗೊತ್ತವ್ವ. ಬಗ್ಗಿ ನೋಡುದ್ರೆ ಮರೆ ಮಾಡ್ಕಳೋಳು. 'ಅಮ್ಮ, ನಿಂಗೊಂದು ಮನೆ ಕಟ್ತಾ ಇದೀನಿ. ಮುಗಿಯಗಂಟ ನೋಡಂಗಿಲ್ಲ' ಅನ್ನೋಳು."

ಅವರು ಸೆರಗಿನಿಂದ ಪರದೆ ಒರೆಸಿದರು.

"ಮುಗೀತೋ ಇಲ್ವೋ. ಹೆಂಗಿದ್ರೂ ಸರಿ, ಒಂದ್ಸಲ ನೋಡ್ಬೇಕು. ಆನ್ ಮಾಡುದ್ರೆ ಏನೋ ಮಿಣಮಿಣ ಅಂದು ನಿಂತೋಯ್ತದೆ."

"ಗುರುವಾರ ಬನ್ನಿ," ಎಂದಳು ಶಿವಲೀಲ. "ನೋಡೇ ನೋಡ್ತೀರ."

"ಗುರುವಾರವೇ ಬತ್ತೀನಿ. ಸೋಮಾರ, ಗುರುವಾರ ನಂಗೆ ರಜಾ ಕೊಟ್ಟಿದ್ರಲ್ಲ, ಈಗ್ಲೂ ಹಂಗೇ ನಡೀತಾ ಅದೆ. ಹೊತ್ತಿಗ್ ಸರಿಯಾಗಿ ಬಸ್ ಹತ್ತಿಬುಡ್ತೀನಿ. ಇಳುದ್ಮೇಲೆ ಎಲ್ಲಿಗೋಗದು ಅಂತ ಗೊತ್ತಾಗಕಿಲ್ಲ."

ಅವರು ಹೋದ ಮೇಲೆ ಶಿವಲೀಲ ಯಂತ್ರ ಹಚ್ಚಿದಳು.

ಯಾರೋ ಇಬ್ಬರು ಮೂವರು ಸೇರಿ ಮಾಡಿದ ಚಿಕ್ಕ ಆಟ. ಹೊಳೆ, ಹೊಳೆಯ ನಡುವೆ ಒಂದು ನಡುಗಡ್ಡೆ, ಅಲ್ಲಿ ಮರ ಕಡಿದು ಕಲ್ಲು ಹೊತ್ತು ಮನೆ ಕಟ್ಟಿಕೊಳ್ಳಬೇಕು. ಅವಸರವಿಲ್ಲ, ಹಗೆಗಳಿಲ್ಲ. ಒಂದೇ ಕೈಯಲ್ಲಿ ಆಡಬಹುದಾದ ಆಟ.

ಪರದೆ ನಡುಗಿತು. ನಡುಗುತ್ತಲೇ ಆಟ ತೆರೆಯಿತು. ಅವಳ ಮುಂದೆ ಸಿಂಚನ ಕಟ್ಟಿದ ಮನೆ ನಿಂತಿತ್ತು.

ಅವಳು ಬಾಗಿಲು ತೆಗೆದು ಒಳಗೆ ಹೋದಳು. ಅಡುಗೆ ಕೋಣೆ, ನಡುಮನೆ ದಾಟಿದಳು. ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಚಿತ್ರ ಚೂರುಚೂರಾಗಿ ನಿಂತುಹೋಯಿತು. ಎಲ್ಲ ಸೇರಿ ಮೂರು ನಿಮಿಷ ಇರಬಹುದು.

ಎರಡು ಸಲ, ಮೂರು ಸಲ ಹಚ್ಚಿ ನೋಡಿದಳು. ಆಮೇಲೆ ಅಷ್ಟೂ ತೆರೆಯಲಿಲ್ಲ.

ದುಭಾಷಿ ಹೊಸದು, ಮನೆ ಹಳೆಯದು. ಇದಕ್ಕೆ ತಲೆ ಕೆಡಿಸಿಕೊಳ್ಳುವುದೇನಿದೆ ಎಂದುಕೊಂಡಳು. ಗೋಡೆಯ ಕಡೆ ನೋಡುವ ಅಗತ್ಯವೂ ಅವಳಿಗೆ ಬೀಳಲಿಲ್ಲ. ಬೆರಳಿಗೇ ಗೊತ್ತಿತ್ತು.

ಮನೆ ಕೆಡವಿದಳು. ಮತ್ತೆ ಕಟ್ಟಿದಳು.

ಆಟ ನೀರು ಹರಿದಂತೆ ಓಡಿತು. ನಡುಕವಿಲ್ಲ, ತಡೆಯಿಲ್ಲ, ಹೊಳೆಯ ಸದ್ದು ಕೂಡ ಸ್ಪಷ್ಟ.

"ಓಡ್ತು ಗುರುಗಳೇ!" ಎಂದು ಕೂಗಿದಳು. ಮೇಷ್ಟ್ರು ಒಳಗಿನಿಂದ ಹೂಂ ಎಂದರು.

ಆಗ ಅವಳ ಕಣ್ಣು ಪರದೆಯ ಮೂಲೆಗೆ ಹೋಯಿತು. 'ಮುಂದುವರಿಸಿ' ಎಂಬ ಸಾಲು ಅಲ್ಲಿರಲಿಲ್ಲ. 'ಹೊಸ ಆಟ' ಎಂಬುದೊಂದೇ ಇತ್ತು.

ಅವಳು ಆಟದ ಫೋಲ್ಡರನ್ನೆಲ್ಲ ತಡಕಿದಳು.

ಇಬ್ಬರು ಮೂವರು ಮಾಡಿದ ಚಿಕ್ಕ ಆಟ. ದೂರದಲ್ಲಿ ಪ್ರತಿ ಇಡುವ ಏರ್ಪಾಡು ಅದಕ್ಕಿರಲಿಲ್ಲ. ಸಿಂಚನ ಎರಡು ವರ್ಷ ಕಟ್ಟಿದ್ದೆಲ್ಲ ದುಭಾಷಿಯ ಆ ಮನೆಯೊಳಗೇ, ಒಂದು ಚಿಕ್ಕ ಫೈಲಿನಲ್ಲಿ ಇತ್ತು. ಕೆಡವುವ ಮೊದಲು ಅದನ್ನೊಂದು ಕಡೆ ಎತ್ತಿಡಲು ಅರ್ಧ ನಿಮಿಷ ಸಾಕಿತ್ತು.

ಶಿವಲೀಲ ಅಳಿಸಿದ್ದನ್ನು ಹುಡುಕಿ ತೆಗೆಯುವ ಉಪಾಯಗಳನ್ನೆಲ್ಲ ಮಾಡಿದಳು. ಮಂಗಳವಾರ ಪೂರ್ತಿ ಮಾಡಿದಳು. ಆ ಯಂತ್ರದೊಳಗಿನ ಬಗೆಯ ಡಿಸ್ಕಿನಲ್ಲಿ ಹೋದದ್ದು ಹೋದದ್ದೇ. ಅವಳಿಗೆ ಅದು ಮೊದಲೇ ಗೊತ್ತಿತ್ತು, ಆದರೂ ಮಾಡಿದಳು. ಊಟ ಬಿಟ್ಟಳು. ಮೇಷ್ಟ್ರು ಕರೆದರೆ ತಲೆನೋವು ಎಂದಳು.

ಬುಧವಾರ ಬೆಳಿಗ್ಗೆ ಹೊಸ ಆಟ ಶುರು ಮಾಡಿದಳು. ಯಾಕೆ ಎಂದು ತನಗೆ ತಾನೇ ಹೇಳಿಕೊಳ್ಳಲಿಲ್ಲ. ಮರ, ಕಲ್ಲುಗಳನ್ನೆಲ್ಲ ಬೇಗ ಕೂಡಿಸುವ ಅಡ್ಡದಾರಿಗಳು ಅವಳಿಗೆ ಗೊತ್ತಿದ್ದವು. ಕಣ್ಣಾರೆ ಕಂಡದ್ದನ್ನು ನೆನಪಿಸಿಕೊಂಡು ಗೋಡೆ ಎಬ್ಬಿಸಿದಳು, ಬಾಗಿಲು ಇಟ್ಟಳು, ಒಲೆ ಇಟ್ಟಳು. ಸಂಜೆಗೆ ಮೆಟ್ಟಿಲಿನವರೆಗೆ ಮನೆ ಎದ್ದಿತು.

ಅಲ್ಲಿ ಅವಳ ಕೈ ನಿಂತಿತು. ಮೇಲೆ ಏನಿತ್ತೋ ಅವಳು ನೋಡಿರಲಿಲ್ಲ.

ಆಗಲೇ ಎದ್ದು ಹೋಗಿ ಗುರುಗಳ ಮುಂದೆ ನಿಂತಳು. ಎಲ್ಲ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

ಮೇಷ್ಟ್ರು ಗೋಡೆಯ ಮೇಲಿನ ಸೀಮೆಸುಣ್ಣದ ಸಾಲನ್ನೇ ನೋಡುತ್ತಿದ್ದರು.

"ಇದನ್ನ ಬರ್ದೋನು ನಾನು," ಎಂದರು.

ಬೈದಿದ್ದರೆ ಶಿವಲೀಲಗೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ.

"ಗುರುಗಳೇ, ಒಂದು ಮಾತು ಕೇಳ್ಲಾ?"

"ಕೇಳು."

"ಸಾಕಮ್ಮ ಆ ಮನೆ ನೋಡೇ ಇಲ್ಲ. ನಾನು ನೋಡಿದೀನಿ. ಹಾಗೇ ಕಟ್ಟಿದೀನಿ. ಇದೇ ನಿಮ್ಮ ಮಗಳು ಕಟ್ಟಿದ್ದು ಅಂತ ಕೊಟ್ಟುಬಿಟ್ರೆ?"

ಮೇಷ್ಟ್ರು ಗೋಡೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದರು.

"ನಮ್ಮ ಕೆಲಸಾನೇ ಸುಳ್ಳಿನ ಮೇಲೆ ನಿಂತಿದೆಯಲ್ಲ ಗುರುಗಳೇ. ಲಿನಕ್ಸನ್ನ ವಿಂಡೋಸ್ ಅಂತ ನಂಬಿಸ್ತೀವಿ. ಆಟ ನಂಬುತ್ತೆ, ಓಡುತ್ತೆ. ಯಾರಿಗೆ ಏನು ನಷ್ಟ ಆಯ್ತು? ಆಯಮ್ಮನೂ ನಂಬ್ತಾರೆ. ಒಂದು ಜೀವಕ್ಕೆ ನೆಮ್ಮದಿ ಸಿಗುತ್ತೆ."

ಅವಳ ಮಾತಿನಲ್ಲಿ ಕರುಣೆ ಇತ್ತು. ನಾಳೆ ಆ ತಾಯಿಯ ಮುಖ ನೋಡಬೇಕಾದ ಭಯವೂ ಇತ್ತು. ಯಾವುದು ಎಷ್ಟು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಮೆಟ್ಟಿಲ ಮೇಲೆ ಏನಿಟ್ಟೆ?" ಎಂದರು ಮೇಷ್ಟ್ರು.

"ಇನ್ನೂ ಇಟ್ಟಿಲ್ಲ. ಏನೋ ಒಂದು ಇಡ್ತೀನಿ."

ಮೇಷ್ಟ್ರು ಹ್ಯಾಂಡ್‌ಹೆಲ್ಡನ್ನು ತಮ್ಮ ಕಡೆ ಎಳೆದುಕೊಂಡರು. ಕೀಬೋರ್ಡ್ ಜೋಡಿಸಿ ನಾಲ್ಕು ಅಕ್ಷರ ಒತ್ತಿದರು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಇರುವೆ ಸಾಲಿನಂತೆ ಹರಿದವು.

"ಏನಿದು?" ಎಂದು ಅವಳನ್ನು ಕೇಳಿದರು.

"ದುಭಾಷಿ ಬರೆದಿಡೋ ದಿನಚರಿ. ಆಟ ಓಡೋವಾಗೆಲ್ಲ ಬರೀತಾನೇ ಇರ್ತಾನೆ."

"ಓದು."

ಇಂಗ್ಲಿಷಿನಲ್ಲಿತ್ತು. ಶಿವಲೀಲ ಅರ್ಥ ಹೇಳಿದಳು. "ಆಟ ಇದನ್ನು ಕೇಳಿತು. ಇದನ್ನು ಮಾಡಿಕೊಡುವ ಪ್ರೋಗ್ರಾಮು ಇನ್ನೂ ಬರೆದಿಲ್ಲ, ನನಗೆ ಇದು ಬರುವುದಿಲ್ಲ."

"ಮುಂದೆ?"

"ಆಟ ಇನ್ನೊಂದನ್ನ ಕೇಳಿತು. ಇದನ್ನೂ ಇನ್ನೂ ಬರೆದಿಲ್ಲ."

"ಮುಂದೆ?"

"ಇದನ್ನೂ ಬರೆದಿಲ್ಲ. ಇದನ್ನೂ ಬರೆದಿಲ್ಲ."

"ಇಂಥ ಸಾಲು ಎಷ್ಟಿವೆ?"

"ಎಣಿಸೋಕಾಗಲ್ಲ ಗುರುಗಳೇ."

"ಆಟ ಓಡ್ತಾ ಇದೆಯಾ?"

"ಓಡ್ತಾ ಇದೆ."

ಮೇಷ್ಟ್ರು ಎದ್ದು ನಿಂತರು. ಮಂಡಿ ನೋವಿಗೆ ಮೇಜು ಹಿಡಿದುಕೊಂಡರು.

"ಸುಳ್ಳು ಹೇಳೋನು ತನಗೆ ಬರದೇ ಇರೋದನ್ನ ಹೀಗೆ ಸಾಲುಸಾಲಾಗಿ ಬರೆದಿಡ್ತಾನೇನಮ್ಮ?"

ಅಷ್ಟು ಹೇಳಿ ಹೊಳೆಯ ಕಡೆ ಹೊರಟುಹೋದರು.

ಶಿವಲೀಲ ತಾನು ಕಟ್ಟಿದ ಮನೆಯ ಮುಂದೆ ಕೂತಳು. ಚೆನ್ನಾಗಿಯೇ ಬಂದಿತ್ತು. ಬಾಗಿಲ ಬಣ್ಣ ಕೂಡ ಅದೇ. ಆಟದೊಳಗೆ ಹೋಗಿ ಒಂದೊಂದೇ ಗೋಡೆಯನ್ನು ತನ್ನ ಕೈಯಿಂದಲೇ ತೆಗೆದಳು. ಗುಂಡಿ ಒತ್ತಿ ಅಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ಕಟ್ಟಿದ್ದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

ಗುರುವಾರ ಹೇಳಿದ ಹೊತ್ತಿಗೇ ಸಾಕಮ್ಮ ಬಂದರು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು. ಒಳ್ಳೆಯ ಸೀರೆ ಉಟ್ಟಿದ್ದರು. 

"ರೆಡಿ ಆಯ್ತಾ ಕೂಸು?"

ಅವಳು ಸಾಕಮ್ಮನನ್ನು ಛತ್ರದ ಜಗಲಿಯ ಮೇಲೆ ಕೂರಿಸಿ, ತಾನು ಕೆಳಗೆ ಕೂತಳು. ಮೇಷ್ಟ್ರು ಸ್ವಲ್ಪ ದೂರದಲ್ಲಿ, ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ಇದ್ದರು.

"ಆಟ ಓಡುತ್ತಮ್ಮ. ಆದ್ರೆ ನಿಮ್ಮ ಮಗಳು ಕಟ್ಟಿದ ಮನೆ ಅದರೊಳಗಿಲ್ಲ. ನಾನು ಅಳಿಸಿಬಿಟ್ಟೆ."

"ಏನಂದೆ?"

"ಓಡಿಸೋ ಆತುರದಲ್ಲಿ ನೋಡದೆ ಅಳಿಸಿದೆ. ವಾಪಸ್ ಬರಲ್ಲ. ತಪ್ಪು ನಂದು."

ಸಾಕಮ್ಮ ಅವಳನ್ನೇ ನೋಡಿದರು. ಕೈ ಎತ್ತಿದರು. ಹೊಡೆಯುತ್ತಾರೆಂದು ಶಿವಲೀಲ ಕಣ್ಣು ಮುಚ್ಚಿದಳು, ಹೊಡೆಯಲಿ ಎಂದೂ ಬಯಸಿದಳು. ಆ ಕೈ ಸಾಕಮ್ಮನ ಬಾಯಿಯ ಮೇಲೇ ಹೋಗಿ ಕೂತಿತು. ಅವರು ದನಿಯಿಲ್ಲದೆ ಅತ್ತರು. ಶಿವಲೀಲ ಸಮಾಧಾನದ ಮಾತು ಆಡಲಿಲ್ಲ. ಆಡುವ ಯೋಗ್ಯತೆ ತನಗಿಲ್ಲ ಎನಿಸಿತ್ತು.

ಎಷ್ಟೋ ಹೊತ್ತಿನ ಮೇಲೆ ಸಾಕಮ್ಮ ಮೂಗು ಒರೆಸಿಕೊಂಡರು.

"ಅಳಿಸೋಕ್ ಮುಂಚೆ ನೀನ್ ನೋಡಿದ್ಯಾ?"

"ನೋಡ್ದೆ. ಮೂರು ನಿಮಿಷ."

"ದೊಡ್ದಾ, ಚಿಕ್ಕದಾ?"

ಶಿವಲೀಲ ತಲೆ ಎತ್ತಿದಳು. "ಚಿಕ್ಕದಮ್ಮ. ಇಬ್ಬರಿಗೆ ಆಗೋ ಅಷ್ಟು."

"ಬಾಗಿಲು ಯಾವ ಕಡಿಕೆ?"

"ಹೊಳೆ ಕಡೆಗೆ. ನೀಲಿ ಬಣ್ಣ."

"ಅಡುಗೆಮನೆ ಮಾಡಿದ್ಲಾ?"

"ಮಾಡಿದ್ಲು. ಆದ್ರೆ ಒಲೆ ಚಿಕ್ಕದು. ಒಂದೇ ಪಾತ್ರೆ ಇಡೋ ಅಂಥದ್ದು."

ಸಾಕಮ್ಮ ಅಳುತ್ತಲೇ ನಕ್ಕರು. "ಇನ್ನೂರು ಜನುಕ್ಕೆ ಬೇಯಿಸ್ತೀನಲ್ಲ. 'ಬೇಯಿಸಿದ್ದು ಸಾಕು ಕಣಮ್ಮ ನಿಂಗೆ' ಅನ್ನೋಳು. ಇನ್ನೇನಿತ್ತು?"

"ನಡುಮನೇಲಿ ಕಿಟಕಿ ಹತ್ರ ಒಂದು ಕುರ್ಚಿ ಇತ್ತು. ದೊಡ್ಡದು. ಬೆನ್ನು ಒರಗಿಸಿ, ಕಾಲು ಚಾಚ್ಕೊಂಡು ಕೂರೋ ಅಂಥದ್ದು."

"ಎಷ್ಟು ಕುರ್ಚಿ?"

"ಒಂದೇ."

ಸಾಕಮ್ಮ ಸೊಂಟಕ್ಕೆ ಕೈ ಇಟ್ಟುಕೊಂಡರು. ಎರಡು ವರ್ಷ, ವಾರಕ್ಕೆರಡು ಸಲ, ನಾಲ್ಕು ನಾಲ್ಕು ಗಂಟೆ ಆಸ್ಪತ್ರೆಯ ಒರಗಿಲ್ಲದ ಸ್ಟೂಲಿನ ಮೇಲೆ ಕೂತ ಸೊಂಟ.

"ನೋಡ್ಕಂಡಿದ್ಲಾ ಮುಂಡೇದು," ಎಂದರು. "ನಾನ್ ಯಾವತ್ತೂ ನೋವು ಅಂದವ್ಳಲ್ಲ."

ಹೊಳೆಯ ಸದ್ದು ಕೇಳುತ್ತಿತ್ತು.

"ಆಮೇಲೆ?"

"ಆಮೇಲೆ ಮೆಟ್ಟಿಲಿತ್ತು. ಮೇಲಕ್ಕೆ ಹೋಗೋಕೆ."

"ಮೇಲೇನಿತ್ತು?"

ಶಿವಲೀಲಳ ನಾಲಿಗೆಯ ತುದಿಯಲ್ಲಿ ಒಂದು ಮಾತು ಸಿದ್ಧವಾಗಿತ್ತು. ಎರಡು ಹಾಸಿಗೆ, ಒಂದು ಚಿಕ್ಕದು, ಒಂದು ದೊಡ್ಡದು. ಹೇಳಿದರೆ ಈ ತಾಯಿ ಸಾಯುವವರೆಗೆ ಅದನ್ನೇ ನೆನೆದುಕೊಂಡು ಮಲಗುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲ. ಅವಳು ಗುರುಗಳ ಕಡೆ ನೋಡಿದಳು. ಅವರು ಬೆನ್ನು ಹಾಕಿ ಕೂತಿದ್ದರು.

"ಗೊತ್ತಿಲ್ಲಮ್ಮ. ಅಷ್ಟರಲ್ಲಿ ನಿಂತೋಯ್ತು. ನಾನು ನೋಡ್ಲಿಲ್ಲ."

"ಏನಾರ ಇದ್ದಿರ್ಬೇಕಲ್ವಾ?"

"ಇದ್ದಿರಬಹುದು. ನಂಗೆ ಗೊತ್ತಿಲ್ಲ."

ಸಾಕಮ್ಮ ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಆಸ್ಪತ್ರೆಯಲ್ಲಿ ಎರಡು ವರ್ಷ ಎಲ್ಲರೂ ಏನೂ ಆಗೋದಿಲ್ಲ, ಎಲ್ಲ ಸರಿಹೋಗುತ್ತದೆ ಎಂದೇ ಹೇಳಿದ್ದರು. ಗೊತ್ತಿಲ್ಲ ಎಂಬ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

"ಹಂಗಾರೆ ಮಿಕ್ಕಿದ್ದೆಲ್ಲ ದಿಟ," ಎಂದರು.

"ದಿಟ ಅಮ್ಮ."

ಅವರು ಹ್ಯಾಂಡ್‌ಹೆಲ್ಡನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಎದ್ದು ಎರಡು ಹೆಜ್ಜೆ ನಡೆದು ತಿರುಗಿದರು.

"ನಿನ್ನ ಕ್ಷಮಿಸ್ದೆ ಅಂತ ಹೇಳಕಾಗಲ್ಲ ಕೂಸು. ಸುಳ್ಳಾಯ್ತದೆ."

"ಹೂಂ ಅಮ್ಮ."

"ಸೋಮಾರ ಬತ್ತೀನಿ. ಕುರ್ಚಿ ವಿಚಾರ ಇನ್ನೊಂದ್ಸಲ ಹೇಳು."

ಬಸ್ಸಿನ ಕಡೆ ಅವರು ಹೋಗುವುದನ್ನು ಶಿವಲೀಲ ಕಾಣುವಷ್ಟು ದೂರ ನೋಡಿದಳು. ಆಮೇಲೆ ಒಳಗೆ ಬಂದು, ಅಷ್ಟು ಹೊತ್ತು ತಡೆದುಕೊಂಡಿದ್ದ ಅಳುವನ್ನೆಲ್ಲ ಅತ್ತಳು. ಕಣ್ಣಾರೆ ಕಾಣದ ಸಿಂಚನ ಅವಳಿಗೆ ಬೇಕಾದವಳಾಗಿದ್ದಳು. ಮೂರು ನಿಮಿಷ ಅವಳ ಮನೆಯೊಳಗೆ ಓಡಾಡಿ ಬಂದವಳು ಲೋಕದಲ್ಲಿ ತಾನೊಬ್ಬಳೇ.

ಕತ್ತೆತ್ತಿದಾಗ ಮೇಷ್ಟ್ರು ಒದ್ದೆ ಬಟ್ಟೆ ಹಿಡಿದು ಗೋಡೆ ಒರೆಸುತ್ತಿದ್ದರು. ಸೀಮೆಸುಣ್ಣದ ಹಳೇ ಸಾಲು ಹೋಗಿತ್ತು. ಅದಿದ್ದ ಕಡೆ ಗೋಡೆ ಒದ್ದೆಯಾಗಿತ್ತು.

ಶಿವಲೀಲ ಕಣ್ಣು ಒರೆಸಿಕೊಂಡು ದಪ್ಪ ಪುಸ್ತಕ ತೆರೆದಳು. ಆಟದ ಹೆಸರು ಬರೆದಳು. ಯಂತ್ರದ ಹೆಸರು ಬರೆದಳು. ಪೆನ್ನು ಅಲ್ಲೇ ನಿಂತಿತು.

"ಗುರುಗಳೇ, ಇದರ ಮುಂದೆ ಏನಂತ ಬರೀಲಿ?"

"ಓಡುತ್ತದೆ ಅಂತ ಬರಿ."

ಅವಳು ಬರೆದಳು.

"ಕೆಳಗೆ ಇನ್ನೊಂದು ಸಾಲು ಹಾಕು," ಎಂದರು ಗುರುಗಳು. "ಮನೆ ಕೆಡವೋ ಮುಂಚೆ, ಒಳಗೆ ಯಾರಾದ್ರೂ ಇದ್ದಾರಾ ಅಂತ ಒಂದು ಸಲ ಕೂಗಿ ನೋಡಿ."